ಅಡ್ಡ ನಾರಿನ ಮನೆ

ಗುರುವಾರ ಬಂತೆಂದರೆ ಕಡಲಂಚಿನ ಊರು ಗ್ಯಾನೆಟ್ ಕೋವ್‌ನ ಚರ್ಚ್ ಹಾಲಿನಲ್ಲಿ ಕಾಗದ ಕತ್ತರಿಸಲು ಸೇರುವ ಹೆಂಗಸರೆಲ್ಲ ವಾಲ್ಮಾಗೆ ಹೆದರುತ್ತಿದ್ದರು. ತೆರೆದ ಕೂಡಲೇ ಎದ್ದು ನಿಲ್ಲುವ ಕೇಕಿನ ಕಾರ್ಡು, ಮದುವೆಯ ಕಾರ್ಡಿನೊಳಗಿಂದ ಏಳುವ ಗೋಪುರ, ಮೊಮ್ಮಕ್ಕಳ ಪುಸ್ತಕದಲ್ಲಿ ಬಾಯಿ ಕಳೆಯುವ ಮೊಸಳೆ, ಇಂಥವನ್ನು ಮಾಡುವುದು ಅವರಿಗೆ ಹೊಟ್ಟೆಪಾಡಲ್ಲ, ಹುಚ್ಚು. ಹುಚ್ಚಿಗೆ ನಿಯಮ ಯಾಕೆ ಎಂದು ಅವರ ವಾದ. ಆದರೆ ವಾಲ್ಮಾ ಬೆನ್ನ ಹಿಂದೆ ಬಂದು ನಿಂತಳೆಂದರೆ ಕತ್ತರಿಗಳು ತಾವಾಗಿಯೇ ನಿಲ್ಲುತ್ತಿದ್ದವು. ಅವಳು ಬಣ್ಣ ನೋಡುತ್ತಿರಲಿಲ್ಲ, ಚಂದ ನೋಡುತ್ತಿರಲಿಲ್ಲ. ಹಾಳೆಯನ್ನು ಒಂದು ಸಲ ಹೀಗೆ, ಒಂದು ಸಲ ಹಾಗೆ ಬಗ್ಗಿಸಿ, ನಾರು ಯಾವ ಕಡೆ ಓಡಿದೆ ಎಂದಷ್ಟೇ ನೋಡುತ್ತಿದ್ದಳು.

"ಬಂದ್ಲು ನೋಡ್ರೇ, ನಾರಿನ ಪೊಲೀಸು," ಎಂದು ಬೆವ್ ಹಾಲಿನ ಆ ಮೂಲೆಗೂ ಕೇಳುವಂತೆ ಹೇಳುತ್ತಿದ್ದಳು. ಬೆವ್ ವಾಲ್ಮಾಳ ಪಕ್ಕದ ಮನೆಯವಳು. ಊರಿಗೆಲ್ಲ ಬಾಯಿಬಡುಕಿ, ವಾಲ್ಮಾ ಒಬ್ಬಳಿಗೆ ಆಪ್ತಳು.

"ಅಡ್ಡ ಮಡಿಸಿದೀಯ, ಬೆವ್."

"ಅಯ್ಯೋ, ಒಂದು ಕೋಳಿಮರಿ ಕಾರ್ಡಿಗೆ ಇಷ್ಟೊಂದು ನ್ಯಾಯಾನಾ?"

"ನಾಳೆ ನಿನ್ನ ಕೋಳಿಮರಿ ಲಕೋಟೆ ಒಳಗೇ ಬಾಯಿ ಬಿಟ್ಕೊಂಡು ಕೂತಿರತ್ತೆ. ಆಗ ನನ್ನ ಕೇಳ್ಬೇಡ."

ಅವಳು ಹೇಳುತ್ತಿದ್ದುದು ಸುಳ್ಳಲ್ಲ. ಗಿರಣಿಯಲ್ಲಿ ಹುಟ್ಟಿದ ಕಾಗದಕ್ಕೆ ಒಂದು ದಿಕ್ಕಿರುತ್ತದೆ. ಯಂತ್ರದ ಮೇಲೆ ಅದು ಯಾವ ಕಡೆ ಹರಿದು ಬಂದಿತೋ ಆ ಕಡೆಗೆ ನಾರುಗಳು ಮಲಗಿರುತ್ತವೆ. ನಾರಿನ ಜೊತೆಗೆ ಮಡಿಸಿದರೆ ಮಡಿಕೆ ಗೆರೆ ಎಳೆದಂತೆ ಬೀಳುತ್ತದೆ. ಅಡ್ಡಕ್ಕೆ ಮಡಿಸಿದರೆ ಮಡಿಕೆ ಬಿರಿಯುತ್ತದೆ, ಮುಚ್ಚಿಟ್ಟದ್ದು ತಾನಾಗಿಯೇ ತೆರೆದುಕೊಳ್ಳುತ್ತದೆ. ಎದ್ದು ನಿಲ್ಲಬೇಕಾದ್ದು ಒಂದು ಕಡೆ ವಾಲಿಕೊಂಡು ಏಳುತ್ತದೆ.

ಇದನ್ನು ಅವಳಿಗೆ ಕಲಿಸಿದವನು ಗಂಡ ಮರ್ವಿನ್. ಊರಿನ ಕಾಗದದ ಗಿರಣಿಯಲ್ಲಿ, ಯಂತ್ರದ ಒಣ ತುದಿಯಲ್ಲಿ, ಅಂದರೆ ಒಣಗಿದ ಕಾಗದ ಸುರುಳಿಯಾಗಿ ಹೊರಬರುವ ಕಡೆ, ಕಾಗದ ಪರೀಕ್ಷಿಸುವುದು ಅವನ ಕೆಲಸವಾಗಿತ್ತು. ಪ್ರತಿ ಸುರುಳಿಯಿಂದಲೂ ಒಂದು ತುಂಡು ತೆಗೆದು, ಅಂಚು ಹಿಡಿದು ಹರಿದು, ಆ ಪಟ್ಟಿಯನ್ನು ಒದ್ದೆ ಮಾಡಿ ಅದು ಯಾವ ಕಡೆ ಸುತ್ತಿಕೊಳ್ಳುತ್ತದೆಂದು ನೋಡಿ ನಾರಿನ ದಿಕ್ಕು ಹೇಳುವುದು. ಬೇರೆ ಹುಡುಗರು ಹುಡುಗಿಯರಿಗೆ ಹೂವು ಒಯ್ಯುತ್ತಿದ್ದ ಕಾಲದಲ್ಲಿ ಈ ಮಹಾರಾಯ ವಾಲ್ಮಾಳ ಮನೆಗೆ ತಂದದ್ದು ಗಿರಣಿ ಬೇಡವೆಂದು ತಳ್ಳಿದ ಹಾಳೆಗಳ ಕಟ್ಟು. ಅವಳ ಅಮ್ಮ ಮೂಗು ಮುರಿದಳು. ವಾಲ್ಮಾ ಒಂದು ಹಾಳೆಯನ್ನು ಕತ್ತರಿಸಿ, ಮಡಿಸಿ, ತೆರೆದರೆ ರೆಕ್ಕೆ ಬಿಚ್ಚುವ ಕಡಲಹಕ್ಕಿ ಮಾಡಿ ಅವನಿಗೇ ಕೊಟ್ಟಳು. ಅವನು ಹಕ್ಕಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಚೆನ್ನಾಗಿದೆ, ಆದ್ರೆ ಅಡ್ಡ ನಾರು," ಎಂದ. ಅಲ್ಲಿಗೆ ಮದುವೆ ನಿಶ್ಚಯವಾದಂತೆಯೇ ಆಯಿತು.

ಕೆಲಸಗಾರರಿಗೆಂದು ಗಿರಣಿ ಕಟ್ಟಿಸಿದ್ದ ಗಿರಣಿ ಸಾಲಿನ ಒಂದು ಮನೆಯಲ್ಲಿ ಅವರು ಸಂಸಾರ ಹೂಡಿದರು. ಕೆಂಪು ತಗಡಿನ ಮಾಡು, ಹಿತ್ತಲಲ್ಲಿ ಪ್ಲಮ್ ಮರ, ಹಿಂದಕ್ಕೆ ಚಾಚಿಕೊಂಡಂತೆ ಒಂದು ಅಡಿಗೆಮನೆ. ಪಾಳಿ ಮುಗಿಸಿ ಬಂದವನು ಮುಂಬಾಗಿಲಿನಿಂದ ಎಂದೂ ಬರುತ್ತಿರಲಿಲ್ಲ. ಹಿಂದಿನ ಮೆಟ್ಟಿಲು ಹತ್ತಿ ಸೀದಾ ಅಡಿಗೆಮನೆಗೆ ಬಂದು ಬೂಟು ಬಿಚ್ಚಿ, ಮೇಜಿನ ಮೇಲೆ ಅವಳು ಕತ್ತರಿಸಿಟ್ಟಿದ್ದರಲ್ಲಿ ಒಂದು ತುಂಡು ಎತ್ತಿ, ಅಂಚು ಹರಿದು, ತನ್ನ ಚಹಾದಲ್ಲೇ ಅದ್ದಿ ನೋಡುತ್ತಿದ್ದ. "ಸರಿಯಾಗಿದೆ ಕಣೇ ವಾಲ್," ಎನ್ನುತ್ತಿದ್ದ. ಆ ಮನುಷ್ಯನ ಬಾಯಲ್ಲಿ ಪ್ರೀತಿಯ ಮಾತು ಅಂತ ಬಂದದ್ದು ಅಷ್ಟೇ. ಅದನ್ನು ಕೇಳಲು ಅವಳು ಹಗಲೆಲ್ಲ ಕಾದದ್ದುಂಟು.

ಈಗ ಮರ್ವಿನ್ ಗುಡ್ಡದ ಮೇಲಿನ ವೃದ್ಧರ ಆರೈಕೆ ಮನೆಯಲ್ಲಿದ್ದಾನೆ. ಗಿರಣಿ ಮುಚ್ಚಿ ಎಷ್ಟೋ ವರ್ಷವಾಯಿತು, ಅವನ ತಲೆಯಲ್ಲಿದ್ದದ್ದೂ ಒಂದೊಂದಾಗಿ ಮುಚ್ಚಿಕೊಂಡಿತು. ಮೊದಲು ಹೆಸರುಗಳು ಹೋದವು, ಆಮೇಲೆ ದಾರಿಗಳು ಹೋದವು, ಕೊನೆಗೆ ವಾಲ್ಮಾಳ ಮುಖ ಹೋಯಿತು. ಮಧ್ಯಾಹ್ನದ ಬಸ್ಸಿಗೆ ಅವಳು ಹೋಗಿ ಪಕ್ಕದಲ್ಲಿ ಕುಳಿತರೆ ಅವನು ಸಭ್ಯತೆಯಿಂದ ಸರಿದು ಜಾಗ ಕೊಡುತ್ತಿದ್ದ.

"ಮೇಡಂ, ನಿಮಗೊಂದು ತೊಂದ್ರೆ ಕೊಡ್ಲಾ? ನನ್ನ ಮನೆಗೆ ಕಳಿಸಿಕೊಡ್ತೀರಾ? ನನ್ನ ಹೆಂಡ್ತಿ ಕಾಯ್ತಿರ್ತಾಳೆ."

ದಿನವೂ ಅದೇ ಮಾತು. ಬಾಗಿಲುಗಳ ಹಿಡಿಯನ್ನೆಲ್ಲ ತಿರುಗಿಸಿ ನೋಡುತ್ತಿದ್ದ. ಊಟದ ತಟ್ಟೆ ಮುಂದಿಟ್ಟರೆ, "ಮನೇಲಿ ಮಾಡಿರ್ತಾಳೆ," ಎಂದು ಸರಿಸಿಬಿಡುತ್ತಿದ್ದ. ಮೈಯಲ್ಲಿ ಮಾಂಸ ಕರಗಿ ಸ್ವೆಟರು ಹೆಗಲಿಂದ ಜಾರತೊಡಗಿತ್ತು. ಅಲ್ಲಿಯ ದಾದಿ ಟೋನಿಯಾ ಒಳ್ಳೆಯ ಹುಡುಗಿ. ಅವಳು ತಮಾಷೆ ಮಾಡಿ, ಗದರಿ, ಒಂದೆರಡು ತುತ್ತು ತಿನ್ನಿಸುತ್ತಿದ್ದಳು.

ಒಂದು ಸಲ ಬೆವ್‌ಳ ಕಾರಿನಲ್ಲಿ ಅವನನ್ನು ನಿಜವಾಗಿಯೂ ಮನೆಗೆ ಕರೆತಂದದ್ದಾಯಿತು. ಗಿರಣಿ ಸಾಲು ಬಿಟ್ಟ ಮೇಲೆ ಅವರು ಬಾಳಿದ್ದು ಈಗ ವಾಲ್ಮಾ ಇರುವ ಈ ಮನೆಯಲ್ಲೇ, ಇಲ್ಲಿಯ ಬೇಲಿ ಕಟ್ಟಿದ್ದು ಅವನೇ. ಮರ್ವಿನ್ ಕಾರಿನಿಂದ ಇಳಿಯಲೇ ಇಲ್ಲ. ಕಿಟಕಿಯಿಂದ ನೋಡಿ, "ಯಾರ ಮನೆ ಇದು? ಒಳ್ಳೆ ಜನ ಕಾಣ್ತಾರೆ. ಸುಮ್ನೆ ಯಾಕೆ ಅವ್ರಿಗೆ ತೊಂದ್ರೆ, ನನ್ನ ನಮ್ಮನೆಗೆ ಬಿಡಿ," ಎಂದ. ವಾಲ್ಮಾ ಒಲೆ ಹೊತ್ತಿಸಿ, ಕುರಿಮಾಂಸ ಬೇಯಿಸಿಟ್ಟು ಬಂದಿದ್ದಳು. ವಾಪಸು ಗುಡ್ಡ ಹತ್ತುವಾಗ ಬೆವ್ ಕೂಡ ಬಾಯಿ ಮುಚ್ಚಿಕೊಂಡಿದ್ದಳು ಅಂದರೆ ಲೆಕ್ಕ ಹಾಕಿ.

"ಯಾವ್ ಮನೆ ಮರ್ವ್, ನಿನ್ ಮನೆ?" ಎಂದು ಆಮೇಲೊಂದು ದಿನ ಟೋನಿಯಾ ಅವನ ಗಡ್ಡ ಬೋಳಿಸುತ್ತ ಕೇಳಿದಳು. ವಾಲ್ಮಾ ಎದುರಿಗಿದ್ದಳು.

"ಕೆಂಪು ಮಾಡು. ಹಿಂದ್ಗಡೆ ಮೆಟ್ಲು. ಪ್ಲಮ್ ಮರ ಇದೆಯಲ್ಲಮ್ಮ, ನೋಡಿಲ್ವಾ ನೀನು?"

ವಾಲ್ಮಾಗೆ ಆಗ ಹೊಳೆಯಿತು. ಅವನಿಗೆ ಬೇಕಾದದ್ದು ಗಿರಣಿ ಸಾಲಿನ ಮನೆ. ಆ ಸಾಲನ್ನು ಕೆಡವಿ ಈಗ ಅಲ್ಲಿ ದೊಡ್ಡದೊಂದು ಅಂಗಡಿಯ ಕಾರು ನಿಲ್ಲಿಸುವ ಜಾಗ ಮಾಡಿದ್ದಾರೆ. ಬಸ್ಸಿನಿಂದ ಅವಳು ದಿನವೂ ನೋಡುತ್ತಾಳೆ, ಪ್ಲಮ್ ಮರವಿದ್ದಲ್ಲಿ ಅಂಗಡಿಯ ಸಾಮಾನು ತುಂಬುವ ತಳ್ಳುಗಾಡಿಗಳ ಸಾಲು.

ಭೂಮಿಯ ಮೇಲೆ ಇಲ್ಲದ ಮನೆಯನ್ನು ನಿಲ್ಲಿಸುವ ವಿದ್ಯೆ ಅವಳಿಗೆ ಒಂದೇ ಗೊತ್ತಿದ್ದದ್ದು. ಆ ಸಂಜೆಯೇ ಪೆನ್ಸಿಲು ಹಿಡಿದು ಕುಳಿತಳು. ಒಂದು ಪುಸ್ತಕ. ರಟ್ಟು ತೆರೆದರೆ ಎರಡು ಪುಟ, ಪುಟಗಳ ನಡುವಿನಿಂದ ಇಡೀ ಮನೆ ಏಳಬೇಕು. ಮಾಡು, ಕಿಟಕಿ, ಹಿಂದಿನ ಮೆಟ್ಟಿಲು, ಅಡಿಗೆಮನೆ. ಅಡಿಗೆಮನೆಯ ಮೇಜು ತಾನಾಗಿ ಬಿಚ್ಚಿಕೊಳ್ಳಬೇಕು, ಮೇಜಿನ ಹಿಂದೆ ಕತ್ತರಿ ಹಿಡಿದ ಒಬ್ಬ ಹೆಂಗಸು ತಲೆ ಎತ್ತಬೇಕು. ಅವನು ಆ ಮೆಟ್ಟಿಲು ಹತ್ತಿ ಬರಬೇಕು, ಅವಳನ್ನು ಕಾಣಬೇಕು. ಒಂದೇ ಒಂದು ಸಲ. ಆಮೇಲೆ ಮರೆತರೆ ಮರೆಯಲಿ, ಸತ್ತರೂ ಮನೆಗೆ ಬಂದು ಸತ್ತಂತಾಗುತ್ತದೆ. ಅವಳು ಕೇಳಿದ್ದು ಅಷ್ಟೇ, ಅದು ಅತಿಯಾಸೆಯೆಂದು ಯಾರಾದರೂ ಹೇಳಲಿ ನೋಡೋಣ.

ಕಾಗದ ಯಾವುದೆಂಬುದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ. ಗಿರಣಿ ನಿಂತ ದಿನ ಮರ್ವಿನ್ ಹೆಗಲ ಮೇಲೆ ಹೊತ್ತು ತಂದ ದಪ್ಪ ಕೆನೆಬಣ್ಣದ ಹಾಳೆಗಳು ಮಂಚದಡಿಯಲ್ಲಿದ್ದವು. ಮಕ್ಕಳ ಮದುವೆಗೆ, ನಾಮಕರಣಕ್ಕೆ, ಸಾವಿಗೆ ಅಂತ ಮುಗಿಯುತ್ತ ಬಂದು ಒಂದೇ ಹಾಳೆ ಉಳಿದಿತ್ತು. ಕಣ್ಣು ಮರೆತರೂ ಬೆರಳು ಮರೆಯಲಿಕ್ಕಿಲ್ಲ ಎಂಬುದು ಅವಳ ನಂಬಿಕೆ. ಅಂಗಡಿಯ ಕಾಗದದಲ್ಲಿ ಮಾಡಿದರೆ ಅದು ಬರಿಯ ಆಟದ ಸಾಮಾನು.

ಆದರೆ ಅಳತೆ ಹಾಕಿದಾಗ ಕುತ್ತಿಗೆಗೆ ಬಂತು. ಮಡಿಕೆಗಳು ನಾರಿನ ಜೊತೆ ಬೀಳುವಂತೆ ಹಾಳೆಯನ್ನಿಟ್ಟರೆ ಅಡಿಗೆಮನೆ ಹಾಳೆಯಿಂದಾಚೆ ಹೋಗುತ್ತಿತ್ತು. ಹಾಳೆಯನ್ನು ತಿರುಗಿಸಿ ಅಡ್ಡ ಇಟ್ಟರೆ ಎಲ್ಲವೂ ಹಿಡಿಯುತ್ತಿತ್ತು. ಮನೆಯನ್ನು ಸಣ್ಣದು ಮಾಡೋಣವೆಂದರೆ ಮೇಜಿನ ಹಿಂದಿನ ಹೆಂಗಸು ಅಕ್ಕಿಕಾಳಾಗುತ್ತಿದ್ದಳು, ಅವನ ಕಣ್ಣಿಗೆ ಕಾಣುವುದಿಲ್ಲ. ತುಂಡು ಸೇರಿಸಿ ಅಂಟಿಸಲು ಅದೇ ಕಾಗದದ ಚೂರೂ ಇಲ್ಲ. ಅಡಿಗೆಮನೆ ಬಿಡಬೇಕು, ಇಲ್ಲವೇ ಹಾಳೆ ತಿರುಗಿಸಬೇಕು.

ವಾಲ್ಮಾ ಹಾಳೆಯನ್ನು ತಿರುಗಿಸಿದಳು.

ಗುರುವಾರ ಚರ್ಚ್ ಹಾಲಿನಲ್ಲಿ ಮಡಿಕೆಗೆ ಗೆರೆ ಕೊರೆಯುತ್ತಿದ್ದಾಗ ಬೆವ್ ಚಹಾದ ಲೋಟ ಹಿಡಿದುಕೊಂಡು ಹಿಂದೆ ಬಂದು ನಿಂತಳು. ಬಗ್ಗಿ ಗೆರೆಯನ್ನು ನೋಡಿದಳು. ಆಮೇಲೆ ಅವಳ ಮುಖದ ಮೇಲೆ ನಿಧಾನಕ್ಕೆ ಹರಡಿದ ಸಂತೋಷವನ್ನು ನೋಡಬೇಕಿತ್ತು.

"ಏನಿದು? ನನ್ನ ಕಣ್ಣು ಸರಿಯಿದೆ ತಾನೇ? ಪೊಲೀಸರೇ ಕಳ್ಳತನಕ್ಕಿಳಿದ್ರಾ? ಏಯ್ ಬನ್ರೇ ಎಲ್ಲಾ, ವಾಲ್ಮಾ ಅಡ್ಡ ಮಡಿಸ್ತಿದಾಳೆ!"

"ಬಾಯ್ಮುಚ್ಚು ಬೆವ್. ಹಾಳೆ ಸಾಲಲ್ಲ."

"ನಾನು ಹಾಳೆ ಸಾಲಲ್ಲ ಅಂದಾಗ ನೀನು ಬಿಟ್ಟಿದ್ಯಾ? ಬೇರೆ ಹಾಳೆ ತಗೋ."

"ಬೇರೆ ಹಾಳೆ ಇಲ್ಲ. ಗೆರೆ ಆಳವಾಗಿ ಕೊರೆದು, ಮೂಳೆಯ ಪಟ್ಟಿಯಿಂದ ಮಡಿಕೆ ಒತ್ತಿ ಒತ್ತಿ ಕೂರಿಸ್ತೀನಿ. ಯಾರಿಗೂ ಗೊತ್ತಾಗಲ್ಲ."

"ಮರ್ವ್‌ಗೆ ಗೊತ್ತಾಗತ್ತೆ." ಬೆವ್ ತಮಾಷೆಗೇ ಅಂದದ್ದು.

ವಾಲ್ಮಾಗೆ ರೇಗಿತು. ಬಳಲಿದ್ದಳು, ಬೆನ್ನು ಹಿಡಿದಿತ್ತು. "ಎಡಗಾಲಿನ ಬೂಟು ಬಲಗಾಲಿಗೆ ಹಾಕ್ಕೊಳ್ಳೋ ಮನುಷ್ಯ ನಾರು ನೋಡ್ತಾನಾ? ತನ್ನ ಹೆಂಡ್ತಿ ಯಾರು ಅಂತ ಗೊತ್ತಿಲ್ಲ ಅವನಿಗೆ!"

ಸುತ್ತಲಿನ ಕತ್ತರಿಗಳು ನಿಂತವು. ಬೆವ್ ಲೋಟವನ್ನು ಕೆಳಗಿಟ್ಟು, ಎದುರಿಗೆ ಕುಳಿತು, ಹಾಳೆಯ ಆ ಕಡೆಯ ತುದಿಯನ್ನು ಅಲುಗದಂತೆ ಹಿಡಿದುಕೊಂಡಳು. ವಾಲ್ಮಾ ಕೊರೆದಳು.

ಮನೆ ಎದ್ದಿತು. ಬಲಕ್ಕೆ ಒಂದಿಷ್ಟು ವಾಲಿತ್ತು, ಗೊತ್ತಿದ್ದವರಿಗೆ ಮಾತ್ರ ಕಾಣುವಷ್ಟು. ಮುಚ್ಚಿದರೆ ಪುಸ್ತಕ ಬಾಯಿ ಬಿಡುತ್ತಿತ್ತೆಂದು ಅದರ ಸುತ್ತ ಒಂದು ಪಟ್ಟಿ ಕಟ್ಟಿದಳು. ಮಾಡಿಗೆ ಕೆಂಪು ಬಳಿದಳು. ಪ್ಲಮ್ ಮರಕ್ಕೆ ಹೂ ಬಿಡಿಸಿದಳು. ಮೇಜಿನ ಹಿಂದಿನ ಹೆಂಗಸಿಗೆ ತನ್ನ ಹಳೆಯ ಹಸಿರು ಚೌಕಳಿ ಏಪ್ರನ್ ತೊಡಿಸಿ, ಕೂದಲಿಗೆ ಕಂದು ಬಣ್ಣ ಹಚ್ಚಿದಳು. ಅವಳ ಕೂದಲು ಹಾಗಿದ್ದ ಕಾಲ ನೆನಪಾಗಿ ಒಬ್ಬಳೇ ನಕ್ಕಳು. ಎಷ್ಟೋ ತಿಂಗಳ ಮೇಲೆ ಬಂದ ನಗು ಅದು.

ಮರುದಿನ ಕಡಲಿನಿಂದ ಬೀಸುವ ಗಾಳಿಗೆ ಬಸ್ ನಿಲ್ದಾಣದ ಕಂಬವೇ ಅಲುಗುತ್ತಿತ್ತು. ಪುಸ್ತಕವನ್ನು ಕೋಟಿನೊಳಗೆ ಎದೆಗೆ ಅವಚಿಕೊಂಡು ಗುಡ್ಡಕ್ಕೆ ಹೋದಳು. ಮರ್ವಿನ್ ಗಾಜಿನ ಗೋಡೆಯ ಬಿಸಿಲುಕೋಣೆಯಲ್ಲಿದ್ದ. ಮುಂದೆ ಚಹಾ ತಣ್ಣಗಾಗುತ್ತಿತ್ತು, ಬಿಸ್ಕತ್ತು ಮುಟ್ಟಿರಲಿಲ್ಲ.

"ಓಹೋ, ವಾಲ್ಮಾ ಬಂದ್ರು, ಉಡುಗೊರೆನೂ ತಂದಿದಾರೆ," ಎಂದು ಟೋನಿಯಾ ದಿಂಬು ಸರಿಮಾಡಿದಳು. "ಮರ್ವ್, ನೋಡು, ನಿಂಗೆ ಪುಸ್ತಕ. ನಂಗೆ ಇಷ್ಟು ವರ್ಷದಲ್ಲಿ ನಮ್ಮ ಮನೆಯವನು ಒಂದು ಕಾರ್ಡು ಕೊಟ್ಟಿಲ್ಲ." ಅವಳು ನಗುತ್ತ ಹೊರಗೆ ಹೋದಳು.

ವಾಲ್ಮಾ ಪುಸ್ತಕವನ್ನು ಅವನ ಮಡಿಲಲ್ಲಿಟ್ಟು ಪಟ್ಟಿ ಬಿಚ್ಚಿದಳು. "ತೆಗಿ ಮರ್ವಿನ್," ಎಂದಳು.

ಅವನು ತೆರೆದ. ಕೆಂಪು ಮಾಡು ಎದ್ದಿತು, ಮರ ಎದ್ದಿತು, ಮೆಟ್ಟಿಲು ಒಂದೊಂದಾಗಿ ಬಿಚ್ಚಿಕೊಂಡವು, ಅಡಿಗೆಮನೆಯೊಳಗೆ ಹಸಿರು ಏಪ್ರನ್ನಿನ ಹೆಂಗಸು ತಲೆ ಎತ್ತಿದಳು.

ಅವನು ಮನೆಯನ್ನು ನೋಡಲಿಲ್ಲ. ಕಣ್ಣು ಕಿಟಕಿಯಾಚೆ ಇತ್ತು. ಆದರೆ ಬೆರಳುಗಳು ಪುಟದ ಅಂಚಿನ ಮೇಲೆ ನಿಂತುಬಿಟ್ಟವು. ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ. ಅಂಚಿನುದ್ದಕ್ಕೂ ಸವರಿಕೊಂಡು ಹೋದವು, ಹಿಂದಕ್ಕೆ ಬಂದವು. ಅವನ ಬೆನ್ನು ನೆಟ್ಟಗಾಯಿತು.

"ನಮ್ಮದು," ಎಂದ.

ವಾಲ್ಮಾ ಅವನ ಹತ್ತಿರಕ್ಕೆ ಸರಿದಳು. "ಹೌದು ಮರ್ವಿನ್. ನಮ್ದೇ."

"ನಮ್ಮ ಎರಡನೇ ಯಂತ್ರದ ಮಾಲು ಇದು. ಎಲ್ಲಿ ಸಿಕ್ತು ನಿಮಗೆ? ಒಳ್ಳೇ ಕಾಗದ ಮೇಡಂ, ಇಂಥದ್ದು ಈಗ ಬರಲ್ಲ." ಅವನ ಕಣ್ಣು ಈಗ ಕಿಟಕಿಯಿಂದ ಬಂದು ಪುಟದ ಮೇಲೆ ಕುಳಿತಿತ್ತು. ವರ್ಷಗಳಿಂದ ಸತ್ತಂತಿದ್ದ ಆ ಮುಖದಲ್ಲಿ ಅವಳ ಮರ್ವಿನ್ ಇದ್ದ, ಪಾಳಿಯ ಮರ್ವಿನ್, ಜಾಣ, ತುಸು ಜಂಬದವನು. ಅವನು ಪುಟದ ಮೇಲಂಚನ್ನು, ಹೊರ ಮೂಲೆಯ ಹತ್ತಿರ, ಎರಡೂ ಕೈಯ ಬೆರಳುಗಳಲ್ಲಿ ಹಿಡಿದ.

ಏನು ಮಾಡಹೊರಟಿದ್ದಾನೆಂದು ಅವಳಿಗೆ ಗೊತ್ತಾಯಿತು. ಕೈ ಚಾಚಿದ್ದರೆ ತಡೆಯಬಹುದಿತ್ತು. ಆದರೆ ಆ ಮುಖ ಹಾಗೆ ಬೆಳಗಿದ್ದಾಗ ಯಾವ ಹೆಂಡತಿ ಕೈ ಹಿಡಿಯುತ್ತಾಳೆ? ಅಂಚಿನ ಒಂದು ಪಟ್ಟಿ ತಾನೇ, ಹರಿಯಲಿ ಅಂದುಕೊಂಡಳು.

ಅವನು ಕೆಳಕ್ಕೆ ಹರಿದ. ನಾರಿನ ಜೊತೆಗಿದ್ದಿದ್ದರೆ ಅಂಚಿನಿಂದ ಬೆರಳಗಲದ ಪಟ್ಟಿ ನೆಟ್ಟಗೆ ಬಿಚ್ಚಿಕೊಂಡು ಬರುತ್ತಿತ್ತು, ಮನೆಗೆ ಏನೂ ಆಗುತ್ತಿರಲಿಲ್ಲ. ಅಡ್ಡ ನಾರಿನ ಹಾಳೆ ಹರಿದವನ ಮಾತು ಕೇಳುವುದಿಲ್ಲ. ಹರುಕು ಸೊಟ್ಟಗೆ ಒಳಕ್ಕೆ ತಿರುಗಿತು, ಮೆಟ್ಟಿಲನ್ನು ಸೀಳಿತು, ಅಡಿಗೆಮನೆಯನ್ನು ಬುಡದಿಂದ ಕಿತ್ತುಕೊಂಡು ಆಚೆ ಬದಿಗೆ ಹೋಯಿತು. ಅವನ ಕೈಯಲ್ಲಿ ಹಲ್ಲುಹಲ್ಲಾದ ಒಂದು ತುಂಡು ಉಳಿಯಿತು. ಅದರ ತುದಿಯಲ್ಲಿ ಮೇಜು ತೂಗಾಡುತ್ತಿತ್ತು, ಮೇಜಿನ ಹಿಂದಿನ ಹೆಂಗಸು ತಲೆಕೆಳಗಾಗಿದ್ದಳು.

ಮರ್ವಿನ್ ಹುಬ್ಬು ಗಂಟಿಕ್ಕಿದ. ಆ ತುಂಡಿನಿಂದ ಉದ್ದನೆಯ ಚೂರೊಂದನ್ನು ಕಿತ್ತು ತಣ್ಣನೆಯ ಚಹಾದಲ್ಲಿ ಅದ್ದಿ ಅಂಗೈ ಮೇಲೆ ಇಟ್ಟುಕೊಂಡ. ಇಬ್ಬರೂ ಬಗ್ಗಿ ನೋಡಿದರು, ಹಿಂದೆ ಗಿರಣಿ ಸಾಲಿನ ಮೇಜಿನ ಮೇಲೆ ತಲೆಗೆ ತಲೆ ತಾಗಿಸಿ ನೋಡುತ್ತಿದ್ದ ಹಾಗೆ. ಉದ್ದಕ್ಕೆ ದೋಣಿಯ ಹಾಗೆ ಮಡಚಿಕೊಳ್ಳಬೇಕಾದ ಚೂರು ತುದಿಯಿಂದ ತುದಿಗೆ ಚಾಪೆಯ ಹಾಗೆ ಸುತ್ತಿಕೊಂಡಿತು.

"ಅಡ್ಡ ನಾರು," ಎಂದ. "ನೋಡಿದ್ರಾ? ಇಷ್ಟು ಒಳ್ಳೇ ಕಾಗದ, ಹಾಳು ಮಾಡ್ಬಿಟ್ರು. ಯಾರು ಮಡಿಸಿದ್ದು ಇದನ್ನ?"

"ನಾನು."

ಅವನಿಗೆ ಅಯ್ಯೋ ಅನ್ನಿಸಿರಬೇಕು. ಒದ್ದೆ ಬೆರಳಿನಿಂದಲೇ ಅವಳ ಕೈ ತಟ್ಟಿದ. "ಬೇಜಾರು ಮಾಡ್ಕೋಬೇಡಿ ಮೇಡಂ. ಮೊದಮೊದಲು ಎಲ್ರೂ ಹೀಗೇ. ಕಲೀತೀರಿ."

"ಮರ್ವಿನ್," ಎಂದಳು. "ನನ್ನ ನೋಡು. ನಾನು ವಾಲ್."

ಅವನು ನೋಡಿದ. ಅವಳ ಮುಖವನ್ನು ನೋಡಿದ, ಕಾಗದವನ್ನು ನೋಡುವಷ್ಟೇ ಗಮನವಿಟ್ಟು ನೋಡಿದ. ಒಂದು ಗಳಿಗೆ ಅವಳು ಎಲ್ಲವನ್ನೂ ನಂಬಿಬಿಟ್ಟಳು. ಆಮೇಲೆ ಅವನು ನಕ್ಕ. ಕೊಂಕಿಲ್ಲದ, ದೊಡ್ಡ ಮನಸ್ಸಿನ ನಗು.

"ತಮಾಷೆ ಮಾಡ್ತೀರಿ ನೀವು. ನಮ್ಮ ವಾಲ್ ಪ್ರಾಣ ಹೋದ್ರೂ ಅಡ್ಡ ಮಡಿಸೋಳಲ್ಲ." ಹೇಳುವಾಗ ಎದೆ ಉಬ್ಬಿತ್ತು. "ಇಡೀ ಗಿರಣಿಯಲ್ಲಿ ಕೇಳಿ ಬೇಕಾದ್ರೆ. ಅವಳು ಕಲಿತಷ್ಟು ಬೇಗ ಯಾವ ಗಂಡಸೂ ಕಲೀಲಿಲ್ಲ. ಇರಿ, ಇದನ್ನ ಅವಳಿಗೆ ತೋರಿಸ್ಬೇಕು, ಬಿದ್ದು ಬಿದ್ದು ನಗ್ತಾಳೆ."

ಹರಿದ ತುಂಡನ್ನು ಅವನು ಎರಡಾಗಿ ಮಡಿಸಿದ. ಬೆರಳು ತಾನಾಗಿಯೇ ದಿಕ್ಕು ಹುಡುಕಿಕೊಂಡು ನಾರಿನ ಜೊತೆಗೇ ಮಡಿಸಿತು. ಮೇಜು, ಕತ್ತರಿ, ಹಸಿರು ಏಪ್ರನ್ನಿನ ಹೆಂಗಸು ಎಲ್ಲವೂ ಒಳಗೆ ಚಪ್ಪಟೆಯಾದವು. ಅದನ್ನು ಅಂಗಿಯ ಜೇಬಿಗಿಳಿಸಿ, ಮೇಲಿನಿಂದ ಒಂದು ಸಲ ತಟ್ಟಿಕೊಂಡ.

"ಈಗಲಾದ್ರೂ ನನ್ನ ಮನೆಗೆ ಕಳಿಸಿಕೊಡಿ ಮೇಡಂ. ಅವಳು ಚಹಾ ಮಾಡಿಟ್ಟು ಕಾಯ್ತಿರ್ತಾಳೆ."

ಚರ್ಚ್ ಹಾಲಿನಲ್ಲಿ ತಾನೇ ಆಡಿದ ಬೂಟಿನ ಮಾತು ವಾಲ್ಮಾಳ ಕಿವಿಯಲ್ಲೇ ಕುಳಿತಿತ್ತು. ಅವನಿಗೆ ಏನೂ ತಿಳಿಯುವುದಿಲ್ಲವೆಂದು ಲೋಕವೆಲ್ಲ ಅಂದುಕೊಳ್ಳಲಿ, ಅವಳು ಅಂದುಕೊಳ್ಳಬಾರದಿತ್ತು. ಅವನಲ್ಲಿ ಉಳಿದಿದ್ದ ಒಂದೇ ಒಂದು ಬಾಗಿಲಿಗೆ ಅವಳು ತಾನೇ ಹೋಗಿ ಅಡ್ಡ ನಿಂತಿದ್ದಳು. ಮತ್ತೆ ಮಾಡೋಣವೆಂದರೆ ಹಾಳೆಯಿಲ್ಲ. ಆ ಹಾಳೆ ಹೆತ್ತ ಯಂತ್ರ ಗುಜರಿಗೆ ಹೋಗಿದೆ. ಅಡಿಗೆಮನೆ ಬಿಟ್ಟು ಮಾಡಿದ್ದರೆ ಆಗುತ್ತಿತ್ತೇನೋ, ಬರಿಯ ಮಾಡು, ಬರಿಯ ಮೆಟ್ಟಿಲು. ಅವನು ಪಟ್ಟಿ ಹರಿದು, ಚಹಾದಲ್ಲಿ ಅದ್ದಿ, ಸರಿಯಾಗಿದೆ ಕಣೇ ಅನ್ನುತ್ತಿದ್ದನೇನೋ. ಆ ಮನೆಯೊಳಗೆ ತಾನೂ ಇರಬೇಕೆಂದು ಅವಳಿಗೆ ಆಸೆಯಾಗಿತ್ತು, ಅದೇ ತಪ್ಪಾಯಿತು.

ಟೋನಿಯಾ ತಟ್ಟೆಗಳನ್ನು ಒಯ್ಯಲು ಬಂದಳು. ಪುಟದಲ್ಲಿ ಅರ್ಧ ನಿಂತಿದ್ದ ಮನೆಯನ್ನು ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು. "ಅಯ್ಯೋ ದೇವ್ರೇ, ಹರಿದ್‌ಹಾಕಿದ್ನಾ? ಅವನಿಗೆ ಗೊತ್ತಾಗಲ್ಲ ವಾಲ್ಮಾ, ಮನಸ್ಸಿಗೆ ಹಚ್ಕೋಬೇಡಿ."

"ಗೊತ್ತಾಗತ್ತೆ," ಎಂದಳು ವಾಲ್ಮಾ. "ಅವನಿಗೆ ಎಲ್ಲಾ ಗೊತ್ತಾಗತ್ತೆ."

ಮರ್ವಿನ್ ಬಿಸ್ಕತ್ತನ್ನು ಸರಿಸಿ ಎದ್ದು, ಜೇಬು ತಟ್ಟಿಕೊಳ್ಳುತ್ತ ಬಾಗಿಲಿನತ್ತ ನಡೆದ. ಹಿಡಿ ತಿರುಗಿಸಿದ. ತೆರೆಯಲಿಲ್ಲ. ಇನ್ನೊಮ್ಮೆ ತಿರುಗಿಸಿದ.

ಬಸ್ ನಿಲ್ದಾಣದಲ್ಲಿ ಅವಳು ಪುಸ್ತಕವನ್ನು ಮಡಿಲಲ್ಲಿಟ್ಟು ಮುಚ್ಚಿದಳು. ಅದು ಬಾಯಿ ಬಿಟ್ಟಿತು. ಒತ್ತಿ ಮುಚ್ಚಿದಳು, ಕೈ ತೆಗೆದ ಕೂಡಲೇ ಹರುಕು ಮಾಡು ಮತ್ತೆ ಎದ್ದು ಬಲಕ್ಕೆ ವಾಲಿಕೊಂಡು ನಿಂತಿತು, ಒಳಗೆ ಯಾರೂ ಇಲ್ಲದ ಮನೆ. ಕಟ್ಟುವ ಪಟ್ಟಿ ಬಿಸಿಲುಕೋಣೆಯಲ್ಲೇ ಉಳಿದಿತ್ತು. ಬಸ್ಸು ಬರುವವರೆಗೂ ಅವಳು ಎರಡೂ ಕೈಗಳಿಂದ ಅದನ್ನು ಒತ್ತಿ ಹಿಡಿದುಕೊಂಡು ಕುಳಿತಿದ್ದಳು.